ಓಡುತ್ತೋ, ತಿರುಗಿ ಬೀಳುತ್ತೋ? ನೋಡಿ ಹೇಳುವುದು ಹೇಗೆ

ಹತ್ತಿರ ಹೋದರೆ ಪ್ರಾಣಿ ಓಡುತ್ತೋ, ಮೇಲೆ ಬೀಳುತ್ತೋ ಅಂತ ಕಲಿಯೋಕೆ ಹುಲಿ-ಜಿಂಕೆ ಆಮೇಲೆ ನೋಡೋಣ, ಮೊದಲು ಅಳಿಲು ಹುಡುಕಿ. ನನಗೆ ಅದಕ್ಕಿಂತ ಒಳ್ಳೆ ಮೇಷ್ಟ್ರು ಸಿಕ್ಕಿಲ್ಲ.

ಅಳಿಲು ನೆಲದ ಮೇಲೆ ಏನೋ ತಿನ್ನುತ್ತಿರುವಾಗ ನಿಧಾನವಾಗಿ, ಒಂದೇ ವೇಗದಲ್ಲಿ ಅದರ ಕಡೆಗೆ ನಡೆಯಿರಿ. ನನ್ನ ಜೇಬಿನಲ್ಲಿ ಯಾವಾಗಲೂ ಒಂದಷ್ಟು ಕಲ್ಲಿರುತ್ತವೆ. ಅದು ತಲೆ ಎತ್ತಿದಾಗ ನಿಂತಲ್ಲೇ ಒಂದು ಕಲ್ಲು ಬೀಳಿಸುತ್ತೇನೆ. ಓಟ ಕಿತ್ತಾಗ ಇನ್ನೊಂದು. ಎರಡರ ನಡುವಿನ ಹೆಜ್ಜೆ ಎಣಿಸಿ. ನಿಮ್ಮನ್ನು ನೋಡಿದ ಮೇಲೂ ಅಷ್ಟು ಹೊತ್ತು ಯಾಕೆ ಕೂತಿತ್ತು? ಬೇಗ ಓಡಿದರೆ ಊಟ ಹೋಯ್ತು, ತಡ ಮಾಡಿದರೆ ಜೀವ ಹೋಯ್ತು. ಪ್ರಾಣಿಗಳ ವರ್ತನೆ ಅಧ್ಯಯನ ಮಾಡುವ ವಿಜ್ಞಾನಿಗಳಾದ ರಾನ್ ಯಡೆನ್‌ಬರ್ಗ್ ಮತ್ತು ಲಾರೆನ್ಸ್ ಡಿಲ್ 1986ರಲ್ಲಿ ಇದನ್ನೇ ಲಾಭ-ನಷ್ಟದ ಲೆಕ್ಕವಾಗಿ ಬರೆದರು. ಅಳಿಲು ಮರದಿಂದ ದೂರ ಇದ್ದಾಗ ಇನ್ನೊಮ್ಮೆ ನಡೆದು ನೋಡಿ. ಸಾಮಾನ್ಯವಾಗಿ ಬೇಗನೆ ಓಡುತ್ತದೆ.

ಆಮೇಲೆ ಹಲ್ಲಿ-ಓತಿಕೇತಗಳ ಸರದಿ. ಇಲ್ಲಿ ಬಿಸಿಲೇ ತೀರ್ಪುಗಾರ. ಮೈ ತಣ್ಣಗಿದ್ದರೆ ಕಾಲು ಜೋರಾಗಿ ಓಡುವುದಿಲ್ಲ. ಹಾಗಾಗಿ ಅಡಗುವ ಜಾಗ ಪಕ್ಕದಲ್ಲೇ ಇರುವ ಕೆಲವು ಜಾತಿಗಳು ಬೆಳಗಿನ ಚಳಿಯಲ್ಲಿ ನೀವು ದೂರ ಇರುವಾಗಲೇ ಜಾಗ ಖಾಲಿ ಮಾಡುತ್ತವೆ. ಬಟಾಬಯಲಲ್ಲಿ ಬದುಕುವ ಕೆಲವು ಓತಿಗಳದ್ದು ಬೇರೆ ದಾರಿ: ಮೈ ಕಾದಿದ್ದರೆ ಓಟ, ತಣ್ಣಗಿದ್ದರೆ ಬಾಯಿ ತೆರೆದು ಕಚ್ಚೋಕೆ ಬರುವುದು. 1982ರಲ್ಲೇ ಇದರ ಅಧ್ಯಯನ ಆಗಿದೆ. ಧೈರ್ಯ, ಹೇಡಿತನ ಅಂತ ನಾವು ಸುಮ್ನೆ ಹೆಸರಿಡುತ್ತೇವೆ ಅಷ್ಟೇ. ಅದೇ ಓತಿ ಮಧ್ಯಾಹ್ನ ಹೇಡಿ ಆಗಿಬಿಡುತ್ತದೆ, ಅಲ್ವಾ?

ಸ್ವಿಸ್ ಪ್ರಾಣಿತಜ್ಞ ಹೈನಿ ಹೆಡಿಗರ್ ಪ್ರಾಣಿಯ ಸುತ್ತ ಕಣ್ಣಿಗೆ ಕಾಣದ ಎರಡು ಗೆರೆ ಗುರುತಿಸಿದ್ದರು. ಹೊರಗಿನ ಗೆರೆ ದಾಟಿದರೆ ಪ್ರಾಣಿ ಓಡುತ್ತದೆ. ಓಡಲು ದಾರಿಯೇ ಇಲ್ಲದಿರುವಾಗ ಒಳಗಿನ ಗೆರೆಯನ್ನೂ ದಾಟಿದರೆ ಮೇಲೆ ಬೀಳುತ್ತದೆ. ಆದ್ದರಿಂದ ನಿಮ್ಮ ಮೊದಲ ಕೆಲಸ, ಅದು ತಪ್ಪಿಸಿಕೊಳ್ಳುವ ದಾರಿ ಯಾವುದು ಅಂತ ಹುಡುಕಿ ಅಲ್ಲಿಂದ ಪಕ್ಕಕ್ಕೆ ಸರಿಯುವುದು. ಎರಡನೇದು, ಮರಿ ಎಲ್ಲಿದೆ ನೋಡುವುದು. ಕಾಣದಿದ್ದರೆ ಇದೆ ಅಂತಲೇ ಅಂದ್ಕೊಳ್ಳಿ.

ಮರಿ-ಮೊಟ್ಟೆ ಇದ್ದಾಗ ಲೆಕ್ಕ ಹೇಗೆ ಬದಲಾಗುತ್ತೆ ಅನ್ನೋದಕ್ಕೆ ನೆಲದ ಮೇಲೇ ಮೊಟ್ಟೆ ಇಡುವ ಟಿಟ್ಟಿಭ ಹಕ್ಕಿ ನೋಡಿ. ಮನುಷ್ಯ ಬಂದರೆ ಗೂಡಿನಿಂದ ಮೊದಲೇ ಎದ್ದು, ಕಿರುಚುತ್ತಾ ತಲೆ ಮೇಲೆ ಎರಗುತ್ತದೆ. ಮೇಯುವ ದನ ಬಂದರೆ ಗೂಡು ಬಿಡುವುದೇ ಇಲ್ಲ, ರೆಕ್ಕೆ ಹರಡಿ ಅಡ್ಡ ನಿಲ್ಲುತ್ತದೆ. ದನಕ್ಕೆ ಮೊಟ್ಟೆ ಬೇಡ, ತುಳಿಯದಿದ್ದರೆ ಸಾಕು. ಎದುರಿಗೆ ಯಾರು ಅಂತ ನೋಡಿಯೇ ಹಕ್ಕಿ ಉಪಾಯ ಬದಲಿಸುತ್ತದೆ.

ಸನ್ನೆಗಳನ್ನು ತಪ್ಪಾಗಿ ಓದುವವರೇ ಜಾಸ್ತಿ. ಜಿಂಕೆ ಮುಂಗಾಲು ನೆಲಕ್ಕೆ ಬಡಿದರೆ ಅದು ಜಗಳಕ್ಕೆ ಕರೆಯುತ್ತಿಲ್ಲ, ಗುಂಪಿಗೆ ಎಚ್ಚರಿಕೆ ಕೊಡುತ್ತಿದೆ. ಮುಳ್ಳುಹಂದಿ ಮಾತ್ರ ಉಲ್ಟಾ. ಮುಳ್ಳು ನಿಮಿರಿಸಿ, ಬಾಲ ಗಲಗಲ ಅಲುಗಿಸಿ, ನಿಮಗೆ ಬೆನ್ನು ತೋರಿಸಿತು ಅಂದರೆ ಓಡುತ್ತಿದೆ ಅಂದ್ಕೋಬೇಡಿ. ಅದು ನುಗ್ಗುವುದೇ ಹಿಮ್ಮುಖವಾಗಿ. ಆಗ ಕಲ್ಲು, ಹೆಜ್ಜೆ ಎಲ್ಲ ಬಿಟ್ಟು ನೀವೇ ಹಿಂದೆ ಸರಿಯಿರಿ.