ಗಣಿತದ ಕ್ಲಾಸು: ಮೊದಲ ಐದು ನಿಮಿಷದಲ್ಲೇ ಎಲ್ಲ ಇದೆ

ಹೊಸದಾಗಿ ಪ್ರೌಢಶಾಲೆಗೆ ಸೇರಿದವರು, ಅದರಲ್ಲೂ ಅತಿಥಿ ಶಿಕ್ಷಕರಾಗಿ ಬಂದವರು ನನ್ನನ್ನು ಕೇಳುವುದು ಹೆಚ್ಚಾಗಿ ಇದನ್ನೇ: "ಕ್ಲಾಸ್ ಕಂಟ್ರೋಲ್ ಹೇಗೆ ಮಾಡ್ತ್ರಿ ಅಕ್ಕೋರೇ?" (ಅಕ್ಕೋರು ಅಂದರೆ ನಮ್ಮ ಕಡೆ ಟೀಚರ್.) ಗಲಾಟೆ ಹುಟ್ಟುವುದು ಕೈಗೆ ಕೆಲಸ ಇಲ್ಲದಾಗ. ಲೆಕ್ಕ ತಲೆಗೆ ಹೋಗದ ಹುಡುಗ ಪೂರ್ತಿ ಪೀರಿಯಡ್ ಬೋರ್ಡ್ ನೋಡುತ್ತಾ ಕೂರಬೇಕು. ಪಕ್ಕದವನನ್ನು ಕೆಣಕದೆ ಅವನು ಇನ್ನೇನು ಮಾಡಿಯಾನು? ಹಾಗಾಗಿ ನನಗೆ ಶಿಸ್ತಿನ ಪ್ರಶ್ನೆ ಬಹಳ ಸಲ ಗಣಿತದ ಪ್ರಶ್ನೆಯೇ ಆಗಿರುತ್ತದೆ.

ನಾನು ಬಂದ ದಾರಿ ನಮ್ಮ ಕಡೆ ಎಲ್ಲರದೂ ಹೌದು. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ತೆಗೆದುಕೊಂಡು ಬಿ.ಎಸ್ಸಿ., ಆಮೇಲೆ ಕುಮಟಾದಲ್ಲಿ ಬಿ.ಎಡ್. 2015ರಿಂದ ಈ ಕೋರ್ಸು ಎರಡು ವರ್ಷದ್ದು. ಪ್ರೌಢಶಾಲೆಗೆ ಸಹಶಿಕ್ಷಕರಾಗಬೇಕಾದರೆ ಡಿಗ್ರಿಯೂ ಬೇಕು, ಬಿ.ಎಡ್. ಕೂಡ ಬೇಕು. ಸರ್ಕಾರಿ ನೇಮಕಾತಿ ವರ್ಷ ವರ್ಷ ಬರುವುದಿಲ್ಲ. ಅದಕ್ಕೇ ನಾನು ಮೊದಲು ಅಂಕೋಲಾ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಸಂಬಳ ಕಡಿಮೆ, ಕೆಲಸ ಖಾಯಂ ಅಲ್ಲ, ಎಲ್ಲ ನಿಜ. ಆದರೂ ಆ ದಿನಗಳನ್ನು ಸುಮ್ನೆ ಕಾಯುವ ಸಮಯ ಅಂದುಕೊಳ್ಳಬೇಡಿ ಎಂದು ಹೊಸಬರಿಗೆ ಹೇಳುತ್ತೇನೆ. ಕ್ಲಾಸು ನಡೆಸುವುದನ್ನು ನಾನು ಕಲಿತದ್ದು ಅಲ್ಲೇ.

ಈಗಲೂ ಮಾಡುವುದು ಇಷ್ಟು. ಬೆಲ್ ಆಗುವ ಹೊತ್ತಿಗೆ ಬೋರ್ಡಿನ ಎಡಗಡೆ ಮೂರು ಲೆಕ್ಕ ಬರೆದಿರುತ್ತೇನೆ. ಒಂದು ಎಲ್ಲರಿಗೂ ಬರುವಂಥದ್ದು. ಒಂದು ನಿನ್ನೆಯ ಪಾಠದ್ದು. ಇನ್ನೊಂದು ಸ್ವಲ್ಪ ತಲೆ ಕೆರೆದುಕೊಳ್ಳುವಂಥದ್ದು. ಮಕ್ಕಳು ಬರುತ್ತಿದ್ದಂತೆ ಪಟ್ಟಿ (ನೋಟ್‌ಬುಕ್) ತೆಗೆದು ಶುರು ಮಾಡಬೇಕು. ಹಾಜರಿ ಆಮೇಲೆ. "ಸುಮ್ಮನಿರಿ" ಎಂದು ನಾನು ಕೂಗುವುದಿಲ್ಲ, ಬೆಂಚುಗಳ ನಡುವೆ ಓಡಾಡುತ್ತೇನೆ. ಮೊದಲನೇ ಲೆಕ್ಕ ಎಲ್ಲರಿಗೂ ಬರಲೇಬೇಕು, ಈ ಪದ್ಧತಿ ನಿಂತಿರುವುದೇ ಅದರ ಮೇಲೆ. ಕ್ಲಾಸಿಗೆ ಬಂದ ಕೂಡಲೇ ಒಂದು ಲೆಕ್ಕ ಸರಿ ಮಾಡಿದ ಮಗು ಎರಡನೆಯದಕ್ಕೆ ಕೈ ಹಾಕುತ್ತದೆ. ಶುರುವಿಗೇ ಬರದಿದ್ದರೆ ಪೆನ್ ಕೆಳಗಿಡುತ್ತದೆ. ಆಮೇಲೆ ಅದನ್ನು ಎತ್ತಿಸುವುದು ಕಷ್ಟ.

ಈ ಐದು ನಿಮಿಷದಲ್ಲಿ ಪಟ್ಟಿ ನೋಡಿದರೆ ಎಷ್ಟೋ ಗೊತ್ತಾಗುತ್ತದೆ. ಎಂಟನೇ ತರಗತಿಯ ಒಬ್ಬ ಹುಡುಗ −3 − 5 = 8 ಎಂದು ಬರೆದಿದ್ದ. ಕೇಳಿದರೆ ತಟ್ಟನೆ ಉತ್ತರ: "ಮೈನಸ್ ಮೈನಸ್ ಪ್ಲಸ್ ಅಲ್ವಾ ಅಕ್ಕೋರೇ?" ಅವನಿಗೆ ನಿಯಮ ಬಾಯಿಪಾಠ ಇತ್ತು, ಆದರೆ ಅದು ಗುಣಾಕಾರದ ನಿಯಮ. ತಪ್ಪು ಎಂದು ಗೀಟು ಹಾಕಿ ಮುಂದೆ ಹೋದರೆ ಹತ್ತನೇ ತರಗತಿಯ ವರ್ಗ ಸಮೀಕರಣದಲ್ಲೂ ಅದನ್ನೇ ಬರೆಯುತ್ತಾನೆ. ನಾನು ಬಾವಿ ಬಗ್ಗೆ ಕೇಳಿದೆ. ನೆಲ ಸೊನ್ನೆ. ಕೊಡಪಾನ ಮೂರು ಅಡಿ ಕೆಳಗಿದೆ. ಇನ್ನೂ ಐದು ಅಡಿ ಹಗ್ಗ ಬಿಟ್ಟರೆ ಎಲ್ಲಿರುತ್ತದೆ? "ಎಂಟು ಅಡಿ ಕೆಳಗೆ." ಕೆಳಗೆ ಅನ್ನುವುದನ್ನು ಹೇಗೆ ಬರೀತಿ? ಸ್ವಲ್ಪ ಹೊತ್ತು ಪಟ್ಟಿ ನೋಡಿದ. ಎಂಟರ ಹಿಂದೆ ಸಣ್ಣದಾಗಿ ಒಂದು ಮೈನಸ್ ಹಾಕಿದ. ಅದೇ ದಿನ ಇಡೀ ಕ್ಲಾಸಿಗೆ −2 − 6 ಮತ್ತು −2 × −6 ಅಕ್ಕಪಕ್ಕ ಬರೆದು ಎರಡೂ ಯಾಕೆ ಬೇರೆ ಎಂದು ಮಾತಾಡಿದೆವು. ಆವತ್ತಿನ ಪಾಠ ಅರ್ಧಕ್ಕೆ ನಿಂತಿತು. ನಿಲ್ಲಲಿ.

ಪಟ್ಟಿ ತಿದ್ದುವಾಗಲೂ ದೊಡ್ಡ ಇಂಟು ಗುರುತು ಹಾಕುವುದಿಲ್ಲ. ಲೆಕ್ಕ ಮೊದಲು ತಪ್ಪಿದ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ, ಅಷ್ಟೇ. ಏನು ತಪ್ಪು ಎಂದು ಅವರೇ ಹುಡುಕಬೇಕು. ಇದರಿಂದ ನನ್ನ ಕೆಲಸ ಜಾಸ್ತಿಯೇ ಆಗುತ್ತದೆ. ಆದರೆ (a + b)² ಅಂದರೆ a² + b² ಎಂದು ಬರೆಯುವ ಚಟ ಬೇರೆ ಯಾವುದರಿಂದಲೂ ಬಿಟ್ಟದ್ದನ್ನು ನಾನು ಕಂಡಿಲ್ಲ.

ಕಾರವಾರದ ಶಾಲೆಯಲ್ಲಿ ಭಾಷೆಯದೂ ಒಂದು ವಿಚಾರ ಇದೆ. ಎಷ್ಟೋ ಮಕ್ಕಳ ಮನೆಮಾತು ಕೊಂಕಣಿ. ಕನ್ನಡ ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ಮೂರು ಸಾಲಿನ ಹೇಳಿಕೆ ಲೆಕ್ಕ ಬಂದರೆ ಸಂಖ್ಯೆಗಳನ್ನಷ್ಟೇ ಹೆಕ್ಕಿ ಕೂಡಿಸುವುದೋ ಕಳೆಯುವುದೋ ಮಾಡಿಬಿಡುತ್ತಾರೆ. ಅಂಥ ಲೆಕ್ಕ ಇದ್ದ ದಿನ ನಾನು ಸಂಖ್ಯೆಗಳನ್ನು ಬಿಟ್ಟು ಪ್ರಶ್ನೆ ಬರೆಯುತ್ತೇನೆ. "ಇಲ್ಲಿ ಏನು ನಡೀತಾ ಇದೆ? ಪಕ್ಕದವಳಿಗೆ ಹೇಳು. ಕೊಂಕಣಿಯಲ್ಲಾದರೂ ಸೈ." ಕ್ಲಾಸ್ ತುಂಬ ಮಾತು. ಹೊರಗಿನಿಂದ ನೋಡಿದವರಿಗೆ ಗಲಾಟೆ ಅನ್ನಿಸಬಹುದು. ಇದು ಬೇಕಾದ ಮಾತು. ನೂರು ರೂಪಾಯಿಗೆ ಎಂಟು ಬಂಗಡೆ ಮೀನು ಅಂದರೆ ಮುನ್ನೂರೈವತ್ತಕ್ಕೆ ಎಷ್ಟು ಎಂದು ಅಮ್ಮನ ಜೊತೆ ಮಾರುಕಟ್ಟೆಯಲ್ಲಿ ಕೂತು ಬಾಯಲ್ಲೇ ಹೇಳುವ ಹುಡುಗಿಗೆ ಅನುಪಾತ ಬರುವುದಿಲ್ಲ ಎಂದು ನಾನು ಒಪ್ಪುವುದಿಲ್ಲ. ಅವಳಿಗೆ ಬಾರದ್ದು ಪುಸ್ತಕದ ವಾಕ್ಯ.

ಹತ್ತನೇ ತರಗತಿಯ ತ್ರಿಕೋನಮಿತಿಯಲ್ಲಿ ಒಂದು ದೀಪಸ್ತಂಭದ ಲೆಕ್ಕ ಇದೆ. ಎತ್ತರ 75 ಮೀಟರ್. ಮೇಲಿನಿಂದ ನೋಡಿದರೆ ಒಂದೇ ದಿಕ್ಕಿನಲ್ಲಿ ಎರಡು ಹಡಗು, ಅವನತ ಕೋನ 30 ಮತ್ತು 45 ಡಿಗ್ರಿ. ಹಡಗುಗಳ ನಡುವೆ ಎಷ್ಟು ದೂರ? ಕಾರವಾರದ ಹತ್ತಿರದ ದೇವಗಡ ದ್ವೀಪದ ದೀಪಸ್ತಂಭ ನೋಡುತ್ತಾ ಬೆಳೆದ ಮಕ್ಕಳೂ ಇಲ್ಲಿ ಎಡವುತ್ತಾರೆ, ಯಾಕೆಂದರೆ ಕೋನವನ್ನು ಕಂಬಕ್ಕೂ ನೋಟದ ಗೆರೆಗೂ ನಡುವೆ ಗುರುತಿಸುತ್ತಾರೆ. ಒಬ್ಬನನ್ನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ಮೊದಲು ನೆಟ್ಟಗೆ ಎದುರಿನ ಗೋಡೆ ನೋಡು. ಈಗ ಅಲ್ಲಿ ನೆಲದ ಮೇಲಿರುವ ಚಾಕ್‌ಪೀಸ್ ನೋಡು. ಕತ್ತು ಎಷ್ಟು ಬಗ್ಗಿತೋ ಅದೇ ಅವನತ ಕೋನ. ಆಮೇಲೆ ಚಿತ್ರ ಬರೆಯುವಾಗ ಕಂಬದ ತುದಿಯಿಂದ ಅಡ್ಡಗೆರೆ ಎಳೆಯದೆ ಯಾರೂ ಮುಂದೆ ಹೋಗುವಂತಿಲ್ಲ. ಅದೊಂದು ಗೆರೆ ಬಿದ್ದರೆ 75(√3 − 1) ತಾನಾಗಿ ಬರುತ್ತದೆ, ಸುಮಾರು 55 ಮೀಟರ್.

ಇನ್ನು ತಂಟೆ ಮಾಡುವವರ ವಿಷಯ. ಎಷ್ಟೋ ಅಪ್ಪ ಅಮ್ಮ ಬಂದು "ಎರಡು ಬಿಗೀರಿ ಅಕ್ಕೋರೇ, ನಾವೇನೂ ಹೇಳೂದಿಲ್ಲ" ಅನ್ನುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ನಾನು ಹೊಡೆಯುತ್ತಿರಲಿಲ್ಲ. ಹೆದರಿದ ಮಗು ಗೊತ್ತಿಲ್ಲ ಎಂದು ಹೇಳುವುದಿಲ್ಲ, ನೋಡಿ ಬರೆಯುತ್ತದೆ. ಅದಕ್ಕೆ ಏನು ಬರುವುದಿಲ್ಲ ಎಂದು ನನಗೆ ಗೊತ್ತಾಗುವುದೇ ಇಲ್ಲ. ಎಲ್ಲರೆದುರು ವಾದಕ್ಕೂ ಇಳಿಯುವುದಿಲ್ಲ. ಪಾಠ ನಿಲ್ಲಿಸದೆ ಹೋಗಿ ಆ ಹುಡುಗನ ಪಕ್ಕ ನಿಲ್ಲುತ್ತೇನೆ, ಅವನು ಬಿಟ್ಟ ಸಾಲಿನ ಮೇಲೆ ಬೆರಳಿಡುತ್ತೇನೆ. ಮಾತು ಏನಿದ್ದರೂ ಬೆಲ್ ಆದ ಮೇಲೆ. ಖಡಾಖಂಡಿತ ನಿಯಮ ಒಂದೇ: ಯಾರ ತಪ್ಪು ಉತ್ತರಕ್ಕೂ ನಗುವಂತಿಲ್ಲ.

ನಿದ್ದೆ ಮಾಡುವವರನ್ನು ಬೈಯುವ ಮುಂಚೆ ಕೇಳಬೇಕು. ಶಿರಸಿ, ಸಿದ್ದಾಪುರ ಕಡೆ ಅಡಿಕೆ ಗೊನೆ ಕೊಯ್ಲಿನ ಹೊತ್ತಿಗೆ ರಾತ್ರಿ ಸುಲಿಯುವ ಕೆಲಸ ಇರುತ್ತದೆ. ಕರಾವಳಿಯಲ್ಲಿ ಇಡೀ ರಾತ್ರಿಯ ಯಕ್ಷಗಾನದ ಆಟ ಇರಬಹುದು, ಬೆಳಗಿನ ಜಾವ ಅಪ್ಪನ ದೋಣಿ ಬಂದಿರಬಹುದು. ಕಾರಣ ಗೊತ್ತಾದರೆ ಹೋಮ್‌ವರ್ಕನ್ನು ಮಧ್ಯಾಹ್ನದ ಬಿಡುವಿನಲ್ಲಿ ಮಾಡಿಸಬಹುದು. ಜೂನ್, ಜುಲೈಯಲ್ಲಿ ಮಳೆ ರಜೆ ಬೇರೆ. ಅದಕ್ಕೇ ಆ ತಿಂಗಳುಗಳಲ್ಲಿ ಒಂದರ ಮೇಲೊಂದು ನಿಲ್ಲುವ ಉದ್ದನೆಯ ಪಾಠ ನಾನು ಹಿಡಿಯುವುದಿಲ್ಲ. ನಡುವೆ ಮೂರು ದಿನ ತಪ್ಪಿದರೂ ಮತ್ತೆ ಎತ್ತಿಕೊಳ್ಳಬಹುದಾದದ್ದನ್ನು ಇಟ್ಟುಕೊಳ್ಳುತ್ತೇನೆ.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 80 ಅಂಕದ ಪರೀಕ್ಷೆ, 20 ಆಂತರಿಕ ಅಂಕ. ಹಿಂದುಳಿದವರಿಗೆ ಪಾಸಿಂಗ್ ಪ್ಯಾಕೇಜ್ ಅಂತ, ಅಂದರೆ ಪಾಸಾಗಲು ಸಾಕಾಗುವಷ್ಟು ಪಾಠ, ಮಾಡುತ್ತೇವೆ: ಥೇಲ್ಸ್ ಪ್ರಮೇಯ, ನಕ್ಷೆ, ಸಮಾಂತರ ಶ್ರೇಢಿ, ಸರಾಸರಿ, ಮಧ್ಯಾಂಕ, ಬಹುಲಕ. ಪರೀಕ್ಷೆ ಹತ್ತಿರ ಬಂದಾಗ ಅದು ಬೇಕೇ ಬೇಕು, ನಾನೂ ಮಾಡಿಸುತ್ತೇನೆ. ಆದರೆ ಅಕ್ಟೋಬರಿನಲ್ಲೇ ಒಂದು ಬೆಂಚನ್ನು ಬೇರೆ ಮಾಡಿ "ನಿಮಗೆ ಇಷ್ಟೇ ಸಾಕು" ಅನ್ನುವುದಕ್ಕೆ ನನ್ನ ವಿರೋಧ ಇದೆ. ಜನವರಿ ತನಕ ಅವರೂ ಎಲ್ಲರ ಜೊತೆ ಕೂತು ಬೋರ್ಡಿನ ಮೂರೂ ಲೆಕ್ಕ ಮಾಡುತ್ತಾರೆ. ಮೂರನೆಯದು ಅರ್ಧ ಆದರೂ ಪರವಾಗಿಲ್ಲ. ಪರೀಕ್ಷೆಯಲ್ಲಿ ಹಂತಕ್ಕೂ ಅಂಕ ಇದೆ, ಅರ್ಧ ಮಾಡಿ ಬಂದದ್ದಕ್ಕೂ ಒಂದಿಷ್ಟು ಸಿಗುತ್ತದೆ.