ಮಾತು ಮುಗಿದ ಕೂಡಲೇ ಕಟ್ ಮಾಡುತ್ತಿದ್ದೆ

ಸಿನಿಮಾ ಎಡಿಟಿಂಗ್ ಶುರು ಮಾಡಿದಾಗ ನನ್ನದು ಒಂದೇ ಲೆಕ್ಕ. ಯಾರು ಮಾತಾಡುತ್ತಾರೋ ಅವರ ಮುಖ. ಮಾತು ಮುಗೀತಾ, ಕಟ್, ಮುಂದಿನ ಶಾಟ್. ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ನೋಡೋಕೆ ನೀಟಾಗಿರುತ್ತಿತ್ತು. ಸೀನ್ ಮಾತ್ರ ಸಪ್ಪೆ.

ಈ ಚಾಳಿ ಬಿಟ್ಟಿದ್ದು ಒಂದು ಕಿರುಚಿತ್ರದಲ್ಲಿ. ಅಡುಗೆಮನೆಯಲ್ಲಿ ತಾಯಿ ಟೀ ಸೋಸುತ್ತಿದ್ದಾಳೆ. ಮಗ ಬಾಗಿಲಲ್ಲಿ ನಿಂತು, "ಅಮ್ಮಾ, ಮನೆ ಮಾರೋ ಮಾತಾಡಿ ಬಂದೆ" ಅನ್ನುತ್ತಾನೆ. "ಬಂದೆ" ಆದ ಮೇಲೆ ತಾಯಿಯ ಮುಖ ಇಟ್ಟಿದ್ದೆ. ಏನೂ ತಟ್ಟಲಿಲ್ಲ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ತಾನೇ ಬರೋದು? ಅಷ್ಟರಲ್ಲಿ ಪೆಟ್ಟು ಬಿದ್ದಾಗಿರುತ್ತೆ. "ಮಾರೋ" ಅನ್ನುವಲ್ಲೇ ತಾಯಿಗೆ ಹೋದೆ, ಉಳಿದ ಮಾತನ್ನು ಅವಳ ಮುಖದ ಮೇಲೆ ಓಡಿಸಿದೆ. ಇದಕ್ಕೆ ಎಲ್ ಕಟ್ ಅಂತಾರೆ. ಈಗ ಕೈ ಸೋಸುತ್ತಲೇ ಇದೆ, ಕಣ್ಣು ಮಾತ್ರ ನಿಂತುಬಿಟ್ಟಿದೆ.

ಸರಿ, ಆ ಮುಖದಿಂದ ಹೊರಗೆ ಬರೋದು ಯಾವಾಗ? ಅಮೆರಿಕದ ಎಡಿಟರ್ ವಾಲ್ಟರ್ ಮರ್ಚ್ ಅವರ ಒಂದು ಅಭ್ಯಾಸ ಇದೆ. ಶಾಟ್ ಓಡುತ್ತಿರುವಾಗಲೇ, ಸಾಕು ಅನ್ನಿಸಿದ ಕಡೆ ಗುರುತು ಹಾಕೋದು. ಹಿಂದಕ್ಕೆ ಹೋಗಿ ಮತ್ತೊಮ್ಮೆ ಹಾಕೋದು. ಎರಡೂ ಒಂದೇ ಫ್ರೇಮಿಗೆ, ಅಂದರೆ ಒಂದೇ ಬಿಡಿ ಚಿತ್ರಕ್ಕೆ, ಬಿದ್ದರೆ ಕಟ್ ಅಲ್ಲೇ. ಸೆಕೆಂಡಿಗೆ 24 ಫ್ರೇಮು. ನನ್ನ ಎರಡು ಗುರುತುಗಳ ನಡುವೆ ಬಂದ ವ್ಯತ್ಯಾಸ 14 ಫ್ರೇಮು!

ಸೌಂಡ್ ಆಫ್ ಮಾಡಿ ನೋಡಿದಾಗ ಗೊತ್ತಾಯಿತು. ತಾಯಿ ಜಾಲರಿಯನ್ನು ಲೋಟದ ಅಂಚಿಗೆ ಟಕ್ ಅಂತ ತಟ್ಟುತ್ತಾಳೆ. ಸ್ವಲ್ಪ ತಡೆದು ಕಣ್ಣು ಮಿಟುಕಿಸುತ್ತಾಳೆ. ಒಂದು ಸಲ ನನ್ನ ಬೆರಳು ಟಕ್‌ಗೆ ಒತ್ತಿತ್ತು, ಇನ್ನೊಂದು ಸಲ ರೆಪ್ಪೆಗೆ. ಯೋಚನೆ ಮುಗಿದಲ್ಲಿ ಮನುಷ್ಯ ರೆಪ್ಪೆ ಬಡಿಯುತ್ತಾನೆ, ಕಟ್ಟೂ ಅಲ್ಲೇ ಕೂರುತ್ತೆ ಅಂತ ಮರ್ಚ್ ಹೇಳೋದು ಇದನ್ನೇ. ರೆಪ್ಪೆಗೇ ಕಟ್ ಮಾಡಿದೆ.

ಆದರೆ ಆ ಟೇಕ್‌ನಲ್ಲಿ ಲೋಟ ಅರ್ಧ, ಮುಂದಿನ ಶಾಟ್‌ನಲ್ಲಿ ತುಂಬಿದೆ. ನಿರ್ದೇಶಕರು ಗಾಬರಿಯಾದರು. ಕಟ್ ಮಾಡುವಾಗ ಯಾವುದಕ್ಕೆ ನೂರಕ್ಕೆ ಎಷ್ಟು ಬೆಲೆ ಅನ್ನುವ ಮರ್ಚ್ ಅವರ ಪಟ್ಟಿ ತೋರಿಸಿದೆ: ಭಾವನೆಗೆ 51, ಕಥೆಗೆ 23, ಲಯಕ್ಕೆ 10. ಯಾರು ಎಲ್ಲಿ ನಿಂತಿದ್ದಾರೆ, ಯಾವುದು ಎಲ್ಲಿದೆ ಅನ್ನುವ ಜಾಗದ ಲೆಕ್ಕ ಕಟ್ಟಕಡೆಗೆ, ಬರೀ 4. ಈ ಅಂಕಿಗಳನ್ನು ತಕ್ಕಡಿ ಹಿಡಿದು ತೂಗೋಕಾಗಲ್ಲ, ನಿಜ. ಜಗಳ ಗೆಲ್ಲೋಕೆ ಸಾಕಾಯಿತು.

ಗೆಳೆಯರಿಗೆ ತೋರಿಸಿದಾಗ ಲೋಟದ ಬಗ್ಗೆ ಒಬ್ಬರೂ ಮಾತೆತ್ತಲಿಲ್ಲ. ಒಬ್ಬಳು ಮಾತ್ರ ಕೇಳಿದಳು, "ಆ ತಾಯಿಗೆ ಮೊದಲೇ ಗೊತ್ತಿತ್ತು, ಅಲ್ವಾ?" ಸ್ಕ್ರಿಪ್ಟ್‌ನಲ್ಲಿ ಅಂಥದ್ದೇನೂ ಇರಲಿಲ್ಲ.