ಆರ್ಲಿಂಗ್ಟನ್‌ನ ಅನಾಮಿಕ ಯೋಧರಿಗೆ ನಮನ ಸಲ್ಲಿಸುವ ಬಗೆ

ವಾಷಿಂಗ್ಟನ್ ಸಮೀಪದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನಕ್ಕೆ ಹೋಗುವವರು ಅಲ್ಲಿನ ಅನಾಮಿಕ ಯೋಧರ ಸಮಾಧಿಗೆಂದೇ ಒಂದು ಗಂಟೆಯನ್ನಾದರೂ ಮೀಸಲಿಡಬೇಕು.

ಹೋಗುವ ಮುನ್ನ ಅಲ್ಲಿ ಮಲಗಿರುವವರು ಯಾರೆಂದು ತಿಳಿದಿರಲಿ. ಮೊದಲನೆಯ ಮಹಾಯುದ್ಧದ, ಗುರುತು ಸಿಗದ ಒಬ್ಬ ಯೋಧನನ್ನು 1921ರ ನವೆಂಬರ್ 11ರಂದು ಇಲ್ಲಿ ಸಮಾಧಿ ಮಾಡಲಾಯಿತು. ಎರಡನೆಯ ಮಹಾಯುದ್ಧ ಮತ್ತು ಕೊರಿಯಾ ಯುದ್ಧದ ತಲಾ ಒಬ್ಬರು 1958ರಲ್ಲಿ ಜೊತೆಗೂಡಿದರು. ವಿಯೆಟ್ನಾಂ ಯುದ್ಧದ ಯೋಧನ ಗುರುತು 1998ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಪತ್ತೆಯಾದ್ದರಿಂದ ಆ ಗೋರಿ ಈಗ ಬರಿದಾಗಿದೆ. ಅದರತ್ತಲೂ ತಪ್ಪದೆ ನೋಡಿ. ಒಬ್ಬ ಮಗ ಕೊನೆಗೂ ತನ್ನ ಮನೆಯವರಿಗೆ ಸಿಕ್ಕಿದ್ದಕ್ಕೆ ಅದು ಸಾಕ್ಷಿ.

ಸಮಾಧಿಯ ಬಳಿ ಮೊಬೈಲಿನ ಸದ್ದು ನಿಲ್ಲಿಸಿ, ಕಾವಲುಗಾರನನ್ನು ಮಾತನಾಡಿಸದೆ, ತಡೆಗಂಬಿಯ ಹೊರಗೇ ನಿಲ್ಲಿ. ಆತ ಕಪ್ಪು ಹಾಸಿನ ಮೇಲೆ 21 ಹೆಜ್ಜೆ ನಡೆದು, ಸಮಾಧಿಯತ್ತ ತಿರುಗಿ 21 ಸೆಕೆಂಡು ನಿಂತು, ಮತ್ತೆ ತಿರುಗಿ ಅಷ್ಟೇ ಹೊತ್ತು ಕಾದು, ಬಂದ ದಾರಿಯಲ್ಲೇ ಮರಳುವುದನ್ನು ಎರಡು ಮೂರು ಸುತ್ತಾದರೂ ಎಣಿಸುತ್ತಾ ನೋಡಿದರೆ, ಈ 21ರ ಎಣಿಕೆ ಸೂಚಿಸುವ, ಸೇನೆಯ ಅತ್ಯುನ್ನತ ಗೌರವವಾದ 21 ತೋಪುಗಳ ವಂದನೆಯ ಅರ್ಥ ಮನಸ್ಸಿಗಿಳಿಯುತ್ತದೆ. ಪ್ರತಿ ಸಲವೂ ಬಂದೂಕನ್ನು ಸಮಾಧಿಗೆ ದೂರದ ಹೆಗಲಿಗೆ ಬದಲಿಸುವುದನ್ನು ಗಮನಿಸಿ.

ಕಾವಲು ಬದಲಾವಣೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಗಂಟೆಗೊಮ್ಮೆ, ಉಳಿದ ತಿಂಗಳುಗಳಲ್ಲಿ ಗಂಟೆಗೊಮ್ಮೆ ನಡೆಯುತ್ತದೆ. ಆಗ ಎದ್ದು ನಿಂತು ಮೌನವಾಗಿರಬೇಕು. ಮಕ್ಕಳಿದ್ದರೆ ಇದನ್ನು ಮೊದಲೇ ತಿಳಿಹೇಳಿ. 1937ರಿಂದ ಹಗಲಿರುಳೂ ಈ ಕಾವಲು ಮುರಿದಿಲ್ಲ. ಮಲಗಿರುವವರ ದರ್ಜೆ ಯಾರಿಗೂ ಗೊತ್ತಿಲ್ಲದ ಕಾರಣ, ಅವರಿಗಿಂತ ಮೇಲಿನವನಂತೆ ತೋರಬಾರದೆಂದು, ಪಹರೆಯ ಯೋಧ ತನ್ನ ದರ್ಜೆಯ ಪಟ್ಟಿಯನ್ನೇ ಧರಿಸುವುದಿಲ್ಲ.